ಹಾಕದೇ ಉಳಿದ ಒಂದು ಅಪೀಲು

ಅಜ್ಜಿ ತೀರಿಕೊಂಡ ಮೇಲೆ ಅವಳ ಕಬ್ಬಿಣದ ಟ್ರಂಕನ್ನು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಎರಡು ರೇಷ್ಮೆ ಸೀರೆ, ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಕೊಂಡ ಒಂದು ಹಿತ್ತಾಳೆ ಡಬ್ಬಿ, ರೇಷನ್ ಕಾರ್ಡು, ಮತ್ತು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ಕಾಗದದ ಕಟ್ಟು. ಬಿಚ್ಚಿ ನೋಡಿದರೆ ಅದು ನಮ್ಮ ಕಡೆಯ ಒಂದು ಮುನ್ಸೀಫ್ ಕೋರ್ಟಿನ ತೀರ್ಪು ಮತ್ತು ಡಿಕ್ರಿಯ ದೃಢೀಕೃತ ನಕಲು. ಟೈಪ್ ಮಾಡಿದ ಇಂಗ್ಲಿಷು, ಅಂಚಿನಲ್ಲಿ ದಾರದ ಹೊಲಿಗೆ. ವಾದಿಯ ಜಾಗದಲ್ಲಿ ಅಜ್ಜಿಯ ಹೆಸರು, ಪ್ರತಿವಾದಿಗಳ ಜಾಗದಲ್ಲಿ ಅವಳ ಇಬ್ಬರು ತಮ್ಮಂದಿರ ಹೆಸರು. ಕೊನೆಯ ಸಾಲಿನ ಅರ್ಥ ಇಷ್ಟು: ದಾವೆ ವಜಾ.

ಹೆಬ್ಬೆಟ್ಟು ಒತ್ತುತ್ತಿದ್ದ ಅಜ್ಜಿ ತನಗೆ ಓದಲು ಬಾರದ ಆ ಕಾಗದವನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೀರೆಗಳ ಅಡಿಯಲ್ಲಿ ಇಟ್ಟುಕೊಂಡಿದ್ದಳು. ಅವಳು ತವರಿನ ಮೇಲೆ ದಾವೆ ಹೂಡಿದ್ದಳು ಎಂಬುದೇ ನಮಗೆ ಗೊತ್ತಿರಲಿಲ್ಲ. ಕೇಳಿದಾಗ ಅಪ್ಪ, 'ಹೌದು, ಏನೋ ಕೇಸಿತ್ತು, ಸೋತು ಹೋಯ್ತು, ಆಮೇಲೆ ಮಾವಂದಿರು ಬಂದು ಸೀರೆ ಕೊಟ್ಟು ಹೋದ್ರು' ಎಂದಷ್ಟೇ ಹೇಳಿದರು.

ಹಳೆಯ ಮೈಸೂರಿನ ನ್ಯಾಯಾಡಳಿತದ ಚರಿತ್ರೆಯ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಇಂಥ ಕಾಗದಗಳನ್ನು ಓದಿ ಅಭ್ಯಾಸ. ಆದರೂ ಆ ದಿನ ನನ್ನನ್ನು ಹಿಡಿದು ನಿಲ್ಲಿಸಿದ್ದು ತೀರ್ಪಿನ ಒಳಗಿನ ಮಾತಲ್ಲ, ಕೊನೆಯ ಹಾಳೆಯ ಹಿಂಬದಿಯಲ್ಲಿದ್ದ ರಬ್ಬರ್ ಮುದ್ರೆ. ನಕಲು ಶಾಖೆಯವರು ಪ್ರತಿ ನಕಲಿನ ಮೇಲೂ ಅದನ್ನು ಒತ್ತುತ್ತಾರೆ. ನಕಲಿಗೆ ಅರ್ಜಿ ಕೊಟ್ಟ ದಿನ, ಶುಲ್ಕ ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಎಂದು ಒಂದರ ಕೆಳಗೊಂದು ಸಾಲು. ಎದುರಿಗೆ ಶಾಯಿಯಲ್ಲಿ ಬರೆದ ತಾರೀಖುಗಳು. ಅಜ್ಜಿಯ ನಕಲಿನ ಮೇಲೆ ಇದ್ದದ್ದು ಹೀಗೆ: ತೀರ್ಪು 11 ಜೂನ್ 1985. ಅರ್ಜಿ 14 ಜೂನ್. ನಕಲು ಸಿದ್ಧ 8 ಜುಲೈ. ನಕಲು ಕೊಟ್ಟದ್ದು 1 ಆಗಸ್ಟ್.

ಅಪೀಲಿನ ಕಾನೂನು ಗೊತ್ತಿರುವವರಿಗೆ ಈ ನಾಲ್ಕು ತಾರೀಖುಗಳೇ ಒಂದು ಕತೆ. ಅದನ್ನು ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ.

ಸಿವಿಲ್ ಕೋರ್ಟಿನ ಡಿಕ್ರಿಯ ವಿರುದ್ಧ ಮೇಲ್ಮನವಿ ಹೋಗುವ ಹಕ್ಕು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 96ನೇ ಕಲಮಿನಲ್ಲಿದೆ. ಎಷ್ಟು ದಿನದೊಳಗೆ ಎಂಬುದು 1963ರ ಕಾಲಮಿತಿ ಕಾಯ್ದೆಯಲ್ಲಿದೆ: ಹೈಕೋರ್ಟಿಗಾದರೆ 90 ದಿನ, ಬೇರೆ ಯಾವುದೇ ಕೋರ್ಟಿಗಾದರೆ 30 ದಿನ. ತೀರ್ಪು ಹೇಳಿದ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಕಲು ಪಡೆಯಲು ಬೇಕಾದ ಕಾಲವನ್ನೂ 12ನೇ ಕಲಮು ಕಳೆದುಬಿಡುತ್ತದೆ. ಆದರೆ ಆ ವಿನಾಯಿತಿ ಅರ್ಜಿ ಕೊಟ್ಟ ದಿನದಿಂದ ನಕಲು ಸಿದ್ಧವಾದ ದಿನದವರೆಗೆ ಮಾತ್ರ. ಸಿದ್ಧವಾದ ನಕಲನ್ನು ತೆಗೆದುಕೊಳ್ಳಲು ತಡಮಾಡಿದರೆ ಆ ದಿನಗಳು ನಮ್ಮ ಖಾತೆಗೇ ಬೀಳುತ್ತವೆ. ಡಿಕ್ರಿ ಇನ್ನೂ ತಯಾರಾಗಿಲ್ಲವೆಂದು ಅರ್ಜಿಯನ್ನೇ ಕೊಡದೆ ಕೂತರೆ ಆ ಕಾಲವೂ ಕಳೆಯುವುದಿಲ್ಲ. ಹಾಗಾಗಿ ತೀರ್ಪು ಬಂದ ಕೂಡಲೇ ನಕಲಿಗೆ ಅರ್ಜಿ ಹಾಕುವುದು ವಕೀಲರ ಗುಮಾಸ್ತರಿಗೆ ಮೊದಲ ಪಾಠ.

ಅಜ್ಜಿಯ ಲೆಕ್ಕವನ್ನು ನಾನು ಕಾಗದದ ಮೇಲೆ ಹಾಕಿ ನೋಡಿದೆ. ಜೂನ್ 12ರಿಂದ ಎಣಿಸಿದರೆ 30ನೇ ದಿನ ಜುಲೈ 11. ಅರ್ಜಿ ಕೊಟ್ಟ ಜೂನ್ 14ರಿಂದ ನಕಲು ಸಿದ್ಧವಾದ ಜುಲೈ 8ರವರೆಗೆ, ಎರಡೂ ದಿನ ಸೇರಿ, 25 ದಿನ. ಅದನ್ನು ಕೂಡಿಸಿದರೆ ಕೊನೆಯ ದಿನ ಆಗಸ್ಟ್ 5, ಸೋಮವಾರ. ನಕಲು ಅವಳ ಕೈಗೆ, ಅಥವಾ ಅವಳ ಪರವಾಗಿ ಯಾರದೋ ಕೈಗೆ ಬಂದದ್ದು ಆಗಸ್ಟ್ 1ರ ಗುರುವಾರ. ಸಿದ್ಧವಾದ ನಕಲು 24 ದಿನ ಕಚೇರಿಯಲ್ಲೇ ಕಾದಿತ್ತು. ಕೈಗೆ ಸಿಕ್ಕಾಗ ಉಳಿದದ್ದು ನಾಲ್ಕು ದಿನ, ಅದರಲ್ಲೊಂದು ಭಾನುವಾರ.

ಆ 24 ದಿನ ಏನಾಯಿತೆಂದು ಮುದ್ರೆ ಹೇಳುವುದಿಲ್ಲ. ಗಂಡನ ಊರಿನಲ್ಲಿದ್ದ ಅಜ್ಜಿಗೆ ನಕಲು ಸಿದ್ಧವಾದ ಸುದ್ದಿ ಹೇಗೆ ಮುಟ್ಟಬೇಕಿತ್ತು? ಒಂದು ಪೋಸ್ಟ್ ಕಾರ್ಡು, ಇಲ್ಲವೇ ಸಂತೆಗೆ ಹೋದವರ ಬಾಯಿಮಾತು. ಜುಲೈ ಎಂದರೆ ರಾಗಿ ಬಿತ್ತನೆಯ ಕಾಲ ಬೇರೆ.

ಸೋತವನು ಮೇಲಕ್ಕೆ ಹೋಗಬಹುದು ಎಂಬ ಕಲ್ಪನೆ ಇಂಗ್ಲಿಷರ ಜೊತೆಗೆ ಬಂದದ್ದಲ್ಲ. ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಅದರಲ್ಲಿ ನ್ಯಾಯಸ್ಥಾನಗಳ ಮೆಟ್ಟಿಲುಗಳಿವೆ. ಕೆಳಗೆ ಬಂಧುಗಳ ಕುಲ, ಅದರ ಮೇಲೆ ಒಂದೇ ಕಸುಬಿನವರ ಶ್ರೇಣಿ, ಅದರ ಮೇಲೆ ಒಂದೇ ಊರಿನಲ್ಲಿರುವ ಬೇರೆ ಬೇರೆ ಜನರ ಪೂಗ, ಎಲ್ಲಕ್ಕೂ ಮೇಲೆ ರಾಜ ನೇಮಿಸಿದವರು. ಕುಲದಲ್ಲಿ ಸೋತವನು ಶ್ರೇಣಿಗೆ, ಶ್ರೇಣಿಯಲ್ಲಿ ಸೋತವನು ಪೂಗಕ್ಕೆ ಹೋಗಬಹುದಿತ್ತು. ಕೆಳಗಿನವರು ಮೇಲಿನವರ ತೀರ್ಮಾನವನ್ನು ಕೆದಕುವಂತಿರಲಿಲ್ಲ. ಈ ಹಕ್ಕಿಗೆ ಬೆಲೆಯೂ ಇತ್ತು. ನ್ಯಾಯವಾಗಿ ಸೋತವನು ತಾನು ಸೋತಿಲ್ಲವೆಂದು ಮತ್ತೆ ಬಂದು ಮತ್ತೆ ಸೋತರೆ ಎರಡು ಪಟ್ಟು ದಂಡ. ಕೆಟ್ಟ ತೀರ್ಪು ಕೊಟ್ಟದ್ದು ಸಾಬೀತಾದರೆ ಸಭೆಯವರಿಗೂ ಗೆದ್ದವನಿಗೂ ಅದೇ ಎರಡು ಪಟ್ಟು ದಂಡ. ತಪ್ಪು ತೀರ್ಪಿಗೆ ನ್ಯಾಯಾಧೀಶನೇ ದಂಡ ತೆರುವ ಆ ನಿಯಮ ಇಂದಿನ ಸಂಹಿತೆಯಲ್ಲಿಲ್ಲ.

ಇದೇ ಮಿತಾಕ್ಷರಾ ಗ್ರಂಥ ಗಂಡುಮಗನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಎಂದಿತು. ಬ್ರಿಟಿಷರ ಕೋರ್ಟುಗಳು ಅದನ್ನು ಕಾನೂನಾಗಿ ಗಟ್ಟಿಮಾಡಿದವು. ಅಪೀಲಿನ ಏಣಿಯನ್ನು ಬರೆದಿಟ್ಟ ಪುಸ್ತಕವೇ ನನ್ನ ಅಜ್ಜಿಯಂಥವರನ್ನು ಕುಟುಂಬದ ಆಸ್ತಿಯಿಂದ ಹೊರಗಿಟ್ಟ ಪುಸ್ತಕವೂ ಹೌದು.

ಮೈಸೂರು ಸೀಮೆಯಲ್ಲಿ ಇಂದಿನ ರೀತಿಯ ಕೋರ್ಟುಗಳ ಸಾಲು ಕಮಿಷನರ ಆಳ್ವಿಕೆಯಲ್ಲಿ ರೂಪುಗೊಂಡಿತು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಂಪನಿ ಸರ್ಕಾರ ತೆಗೆದುಕೊಂಡಿತು. 1834ರಲ್ಲಿ ಮಾರ್ಕ್ ಕಬ್ಬನ್ ಕಮಿಷನರಾಗಿ ಬಂದ. ಅದೇ ವರ್ಷ ಬೆಂಗಳೂರಿನಲ್ಲಿ ಹುಜೂರ್ ಅದಾಲತ್ ಸ್ಥಾಪನೆಯಾಯಿತು. ತಾಲ್ಲೂಕಿನ ಅಮಲ್ದಾರನೇ ಸಣ್ಣ ವ್ಯಾಜ್ಯಗಳನ್ನು ತೀರಿಸುತ್ತಿದ್ದ. ಅವನ ಮೇಲೆ ಸದರ್ ಮುನ್ಸೀಫರು, ಅವರ ಮೇಲೆ ಐರೋಪ್ಯ ಸೂಪರಿಂಟೆಂಡೆಂಟರು, ಆಮೇಲೆ ಅದಾಲತ್ತು, ಕೊನೆಗೆ ಕಮಿಷನರ್. ದೇವನಹಳ್ಳಿಯ ರೈತನಿಗೆ ಕಂದಾಯ ಕೇಳುವವನೂ ನ್ಯಾಯ ಹೇಳುವವನೂ ಒಬ್ಬನೇ ಅಮಲ್ದಾರ. ಇಂಥ ವ್ಯವಸ್ಥೆಯಲ್ಲಿ ಮೇಲಿನ ಕೋರ್ಟು ಇದ್ದದ್ದು ಜನರಿಗೆ ಎಷ್ಟು ಮುಖ್ಯವೋ ಸರ್ಕಾರಕ್ಕೂ ಅಷ್ಟೇ ಮುಖ್ಯವಾಗಿತ್ತು. ಕೆಳಗಿನ ಅಧಿಕಾರಿ ಏನು ಮಾಡುತ್ತಿದ್ದಾನೆ ಎಂದು ಮೇಲಿನವರಿಗೆ ತಿಳಿಯುತ್ತಿದ್ದದ್ದು ಅಪೀಲುಗಳಿಂದ. ಅದಕ್ಕೆ ಕೆಳಗಿನ ಕೋರ್ಟಿನಲ್ಲಿ ನಡೆದದ್ದು ಬರಹದಲ್ಲಿ ಇರಬೇಕು. ನಕಲು, ಮುದ್ರೆ, ತಾರೀಖು ಇವೆಲ್ಲ ಈ ಅಗತ್ಯದಿಂದ ಬೆಳೆದವು.

1856ರಲ್ಲಿ ಜುಡಿಷಿಯಲ್ ಕಮಿಷನರ್ ಹುದ್ದೆ ಬಂದು ಹುಜೂರ್ ಅದಾಲತ್ ಮುಗಿಯಿತು. 1864ರಿಂದ 1868ರವರೆಗೆ ಕಟ್ಟಿದ ಕೆಂಪು ಕಟ್ಟಡ, ನಾವು ಅಠಾರ ಕಚೇರಿ ಎನ್ನುವುದು, ಹದಿನೆಂಟು ಇಲಾಖೆಗಳಿಗೆಂದು ಎದ್ದದ್ದು. ಇಂದು ಅದು ಹೈಕೋರ್ಟು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು. 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟು ಸ್ಥಾಪನೆಯಾಯಿತು, 1930ರಲ್ಲಿ ಅದಕ್ಕೆ ಹೈಕೋರ್ಟೆಂಬ ಹೆಸರು ಬಂತು. ಆಗಿನ ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಹೊಸಕೋಟೆಯವನ ಮೇಲ್ಮನವಿ ಮೈಸೂರು ಸರ್ಕಾರದ ಚೀಫ್ ಕೋರ್ಟಿಗೆ ಹೋದರೆ, ಬೆಂಗಳೂರು ದಂಡಿನವನ ಮೇಲ್ಮನವಿ ಬ್ರಿಟಿಷ್ ರೆಸಿಡೆಂಟನ ಕೋರ್ಟಿಗೆ ಹೋಗುತ್ತಿತ್ತು. 1947ರಲ್ಲಿ ದಂಡು ಪ್ರದೇಶ ಮೈಸೂರಿಗೆ ಮರಳುವವರೆಗೆ ಒಂದೇ ಊರಿನಲ್ಲಿ ಎರಡು ಏಣಿಗಳಿದ್ದವು. 1950ರ ಜನವರಿ 26ರಿಂದ ಎಲ್ಲರ ಏಣಿಯ ತುದಿಯೂ ಸುಪ್ರೀಂ ಕೋರ್ಟು. 1951ರ ಏಪ್ರಿಲ್ 1ರಿಂದ ಕೇಂದ್ರದ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಮೈಸೂರಿಗೂ ಅನ್ವಯವಾಯಿತು.

ಅಜ್ಜಿಯ ಕಾಲಕ್ಕೆ ಬರೋಣ. 1985ರಲ್ಲಿ ಬೆಂಗಳೂರು ಜಿಲ್ಲೆ ಇನ್ನೂ ಒಡೆದಿರಲಿಲ್ಲ. ಗ್ರಾಮಾಂತರ ಜಿಲ್ಲೆ ಹುಟ್ಟಿದ್ದು 1986ರಲ್ಲಿ. ಆ 30 ದಿನದೊಳಗೆ ಅವಳು ಏನೇನು ಸಿದ್ಧಮಾಡಬೇಕಿತ್ತು? ಸಂಹಿತೆಯ 41ನೇ ಆದೇಶದ ಪ್ರಕಾರ ಮೇಲ್ಮನವಿಯ ಜ್ಞಾಪನಾಪತ್ರ ಬೇಕು. ಕೆಳಗಿನ ತೀರ್ಪಿಗೆ ತನ್ನ ಆಕ್ಷೇಪಗಳೇನೆಂದು ಅದರಲ್ಲಿ ವಾದ ಬೆಳೆಸದೆ, ಚಿಕ್ಕದಾಗಿ, ನಂಬರು ಹಾಕಿ ಬರೆಯಬೇಕು. ಅದಕ್ಕೆ ಅವಳ ಅಥವಾ ವಕೀಲರ ಸಹಿ. ಜೊತೆಗೆ ವಕಾಲತ್ತು. ಕೋರ್ಟ್ ಫೀ, ಅದೂ ನಮ್ಮ ರಾಜ್ಯದ 1958ರ ಕಾಯ್ದೆಯಂತೆ ಮೂಲ ದಾವೆಗೆ ಕಟ್ಟಿದ ಲೆಕ್ಕದಲ್ಲೇ ಇನ್ನೊಮ್ಮೆ. ಆಗಿನ ನಿಯಮದಂತೆ ಡಿಕ್ರಿಯ ನಕಲು ಕಡ್ಡಾಯ. ಅವಧಿ ಮೀರಿದ್ದರೆ ತಡ ಏಕಾಯಿತೆಂದು ವಿವರಿಸುವ ಪ್ರತ್ಯೇಕ ಅರ್ಜಿ, ಪ್ರಮಾಣಪತ್ರದೊಂದಿಗೆ. ಇಷ್ಟಾದರೂ ಅಪೀಲು ಹಾಕಿದ ಮಾತ್ರಕ್ಕೆ ಕೆಳಗಿನ ಡಿಕ್ರಿಯ ಅಮಲ್ಜಾರಿ ನಿಲ್ಲುವುದಿಲ್ಲ. ತಡೆಯಾಜ್ಞೆಗೆ ಬೇರೆ ಅರ್ಜಿ ಬೇಕು. ಅಜ್ಜಿಯ ದಾವೆ ವಜಾ ಆಗಿದ್ದರಿಂದ ಅಮಲ್ಜಾರಿಯ ಪ್ರಶ್ನೆ ಇರಲಿಲ್ಲ. ಆದರೆ ತಮ್ಮಂದಿರು ಜಮೀನು ಮಾರದಂತೆ ತಡೆಯಬೇಕಿದ್ದರೆ ಅದಕ್ಕೂ ಅರ್ಜಿ ಬೇಕಿತ್ತು.

ನನ್ನ ಸಂಶೋಧನೆಗೆಂದು ಪರಿಚಯವಾದ ಹಿರಿಯ ವಕೀಲರೊಬ್ಬರಿಗೆ ಈ ನಕಲನ್ನು ತೋರಿಸಿದೆ. ಅವರು ತೀರ್ಪಿನ ಕಡೆ ಕಣ್ಣು ಹಾಯಿಸುವ ಮೊದಲು ಹಾಳೆ ತಿರುಗಿಸಿ ಮುದ್ರೆ ನೋಡಿದರು. 'ನಾಲ್ಕು ದಿನ ಇತ್ತಲ್ಲಮ್ಮ, ಹಾಕಬಹುದಿತ್ತು' ಎಂದರು. ಆಮೇಲೆ ತೀರ್ಪು ಓದಿದರು. ಓದಿ ಮುಗಿಸಿ, 'ಇದು ಫಸ್ಟ್ ಅಪೀಲಿಗೇ ಹೋಗಬೇಕಾದ ಕೇಸು. ಅಲ್ಲಿ ತಪ್ಪಿದರೆ ಮುಂದೆ ಎಲ್ಲೂ ಇಲ್ಲ' ಎಂದರು.

ಅವರ ಮಾತಿನ ಅರ್ಥ ಇದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಂದೆ ಸತ್ತಾಗ ಅವನ ಪಾಲಿನಲ್ಲಿ ಹೆಣ್ಣುಮಗಳಿಗೂ ಒಂದು ಭಾಗವಿತ್ತು. ತಂದೆ ಮತ್ತು ಇಬ್ಬರು ಗಂಡುಮಕ್ಕಳೆಂದು ಮೂರು ಪಾಲು. ತಂದೆಯ ಆ ಮೂರನೆಯ ಒಂದು ಪಾಲಿನಲ್ಲಿ ಮೂವರು ಮಕ್ಕಳಿಗೂ ಸಮ. ಅಂದರೆ ಅಜ್ಜಿಗೆ ಇಡೀ ಆಸ್ತಿಯ ಒಂಬತ್ತನೇ ಒಂದು ಭಾಗ. ಅವಳು ಕೇಳಿದ್ದು ಅಷ್ಟೇ. ತಮ್ಮಂದಿರು ಹೇಳಿದ್ದು, ತಂದೆ ಬದುಕಿದ್ದಾಗಲೇ ಬಾಯಿಮಾತಿನಲ್ಲಿ ಪಾಲಾಗಿತ್ತು, ತಂದೆ ತನ್ನ ಪಾಲನ್ನು ಇಟ್ಟುಕೊಳ್ಳಲಿಲ್ಲ ಎಂದು. ಊರಿನ ಇಬ್ಬರು ಸಾಕ್ಷಿ ಹೇಳಿದರು. ಕೋರ್ಟು ನಂಬಿತು.

ಬಾಯಿಮಾತಿನ ಪಾಲು ನಿಜವಾಗಿ ಆಗಿತ್ತೋ ಇಲ್ಲವೋ ಎಂಬುದು ಸಂಗತಿಯ ಪ್ರಶ್ನೆ. ಮೊದಲ ಮೇಲ್ಮನವಿಯ ಕೋರ್ಟಿಗೆ ಸಂಗತಿ, ಕಾನೂನು ಎರಡನ್ನೂ ಹೊಸದಾಗಿ ತೂಗುವ ಅಧಿಕಾರವಿದೆ. ಸಾಕ್ಷಿಗಳ ಹೇಳಿಕೆಯನ್ನು ಮತ್ತೆ ಓದಿ, ತೀರ್ಮಾನಿಸಬೇಕಾದ ಅಂಶಗಳು ಯಾವುವು, ತೀರ್ಮಾನ ಏನು, ಕಾರಣ ಏನು ಎಂದು ಅದು ಬರೆಯಲೇಬೇಕು. ಎರಡನೇ ಮೇಲ್ಮನವಿ ಹಾಗಲ್ಲ. 1976ರ ತಿದ್ದುಪಡಿಯ ನಂತರ 100ನೇ ಕಲಮಿನಡಿ ಹೈಕೋರ್ಟಿಗೆ ಹೋಗಲು ಕಾನೂನಿನ ಮಹತ್ವದ ಪ್ರಶ್ನೆಯೊಂದು ಇರಲೇಬೇಕು. ಊರಿನ ಆ ಇಬ್ಬರು ಸಾಕ್ಷಿಗಳ ಮಾತು ಒಂದಕ್ಕೊಂದು ಕೂಡುತ್ತದೆಯೇ ಎಂದು ಇನ್ನೊಬ್ಬರು ಕೂತು ನೋಡುವ ಒಂದೇ ಅವಕಾಶ ಆ 30 ದಿನದಲ್ಲಿತ್ತು.

ಮೇಲ್ಮನವಿ ಬಡವರ ರಕ್ಷಣೆಯೋ ಉಳ್ಳವರ ಆಯುಧವೋ ಎಂಬ ಪ್ರಶ್ನೆ ನಮ್ಮ ರಾಜ್ಯದಲ್ಲೇ ಒಮ್ಮೆ ದೊಡ್ಡದಾಗಿ ಎದ್ದಿತ್ತು. ದೇವರಾಜ ಅರಸು ಅವರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳನ್ನು ಸರ್ಕಾರದ ವಶಕ್ಕೆ ತಂದಿತು. ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು. ಮತ್ತೆ ಮತ್ತೆ ಮುಂದೂಡಿದ ಕೊನೆಯ ದಿನಾಂಕ 1979ರ ಜೂನ್ 30. ತೀರ್ಮಾನ ಭೂನ್ಯಾಯ ಮಂಡಳಿಯದು. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಮಂಡಳಿಯ ಆದೇಶವೇ ಅಂತಿಮ, ಅಪೀಲಿಲ್ಲ. ಅಪೀಲಿಗೆ ಬಾಗಿಲು ತೆರೆದರೆ ಜಮೀನ್ದಾರ ವರ್ಷಗಟ್ಟಲೆ ಎಳೆಯುತ್ತಾನೆ, ಗೇಣಿದಾರ ಸುಸ್ತಾಗಿ ಕೈಬಿಡುತ್ತಾನೆ ಎಂಬುದು ಅದರ ಹಿಂದಿನ ತರ್ಕ. ಅದರಲ್ಲಿ ಸುಳ್ಳೇನಿರಲಿಲ್ಲ. ಆದರೆ ಮಂಡಳಿ ತಪ್ಪು ಮಾಡಿದರೆ ಗೇಣಿದಾರನಿಗೂ ಉಳಿದದ್ದು ಬೆಂಗಳೂರಿಗೆ ಬಂದು ಹೈಕೋರ್ಟಿನಲ್ಲಿ ರಿಟ್ ಹಾಕುವುದೊಂದೇ. 1986ರಲ್ಲಿ ಜಿಲ್ಲಾ ಮಟ್ಟದಲ್ಲಿ ಮೇಲ್ಮನವಿ ಪ್ರಾಧಿಕಾರಗಳನ್ನು ತಂದರು; 1990ರಲ್ಲಿ ಮತ್ತೆ ತೆಗೆದರು. ವಕೀಲರ ಮೇಲಿನ ನಿಷೇಧವನ್ನು 1987ರಲ್ಲಿ ಸುಪ್ರೀಂ ಕೋರ್ಟು ರದ್ದುಮಾಡಿತು. ಅಪೀಲು ಇದ್ದರೂ ಕಷ್ಟ, ಇಲ್ಲದಿದ್ದರೂ ಕಷ್ಟ ಎಂಬುದನ್ನು ಈ ಹತ್ತು ಹದಿನೈದು ವರ್ಷಗಳಲ್ಲಿ ಕರ್ನಾಟಕ ಎರಡೂ ಕಡೆಯಿಂದ ನೋಡಿತು.

'ಕೋರ್ಟಲ್ಲಿ ಗೆದ್ದವ ಸೋತ, ಸೋತವ ಸತ್ತ' ಎನ್ನುತ್ತಾರೆ ನಮ್ಮ ಕಡೆ. ಆದರೆ ನಿಯಮಗಳ ಚರಿತ್ರೆಯನ್ನು ಓದುತ್ತಾ ಹೋದರೆ, ಸತ್ತವರ ಕಷ್ಟ ನೋಡಿಯೇ ಒಂದೊಂದು ನಿಯಮ ಸಡಿಲವಾದದ್ದೂ ಕಾಣುತ್ತದೆ. 2002ರ ಜುಲೈ 1ರಿಂದ ಅಪೀಲಿನ ಜೊತೆ ಡಿಕ್ರಿಯ ನಕಲು ಬೇಕಿಲ್ಲ, ತೀರ್ಪಿನ ನಕಲು ಸಾಕು. ಕಾಲಮಿತಿ ಕಾಯ್ದೆಯ 5ನೇ ಕಲಮಿನಡಿ ತಡವನ್ನು ಮನ್ನಿಸುವಾಗ ಉದಾರವಾಗಿರಬೇಕೆಂದು, ಪ್ರತಿ ದಿನದ ತಡಕ್ಕೂ ಲೆಕ್ಕ ಕೊಡು ಎಂದು ಪಂಡಿತರಂತೆ ಹಟ ಹಿಡಿಯಬಾರದೆಂದು 1987ರಲ್ಲಿ, ಕಾಶ್ಮೀರದ ಅನಂತನಾಗ್‌ನ ಪ್ರಕರಣವೊಂದರಲ್ಲಿ, ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷದ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರಿನಲ್ಲಿ ಜಾರಿಗೆ ಬಂದ ಮೇಲೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಕೋರ್ಟ್ ಫೀಯ ಹೊರೆಯೂ ಇಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಒಂದು ಅರ್ಜಿ ಕೊಟ್ಟರೆ ಸಾಕು. ದೊಡ್ಡಬಳ್ಳಾಪುರ, ದೇವನಹಳ್ಳಿಗಳಲ್ಲಿ ಈಗ ಹೆಚ್ಚುವರಿ ಜಿಲ್ಲಾ ನ್ಯಾಯಾಧೀಶರು ಅಲ್ಲಿಯೇ ಕುಳಿತುಕೊಳ್ಳುತ್ತಾರೆ. ಅಪೀಲಿಗೆಲ್ಲ ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ. ಇವೆಲ್ಲ ಅಜ್ಜಿಯ ಆಗಸ್ಟ್ 5ರ ನಂತರ ಬಂದವು.

ಹೆಣ್ಣುಮಕ್ಕಳ ಹಕ್ಕಿನ ಕಾನೂನೂ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ಬಂತು. 1933ರಲ್ಲೇ ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಹಕ್ಕುಗಳ ಕಾಯ್ದೆ ಮಾಡಿ, ಕುಟುಂಬ ಪಾಲಾಗುವಾಗ ವಿಧವೆಯರಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತ್ತು. 1994ರ ಜುಲೈ 30ರಿಂದ ಕರ್ನಾಟಕದಲ್ಲಿ, ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು, ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. 2005ರಲ್ಲಿ ದೇಶಕ್ಕೆಲ್ಲ, ಮದುವೆಯ ಷರತ್ತಿಲ್ಲದೆ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ಆ ದಿನ ತಂದೆ ಬದುಕಿರಬೇಕೆಂಬ ನಿಯಮವೂ ಇಲ್ಲ, ಬಾಯಿಮಾತಿನ ಪಾಲನ್ನು ಸುಲಭವಾಗಿ ಒಪ್ಪಬಾರದು ಎಂದು ಹೇಳಿತು.

ಈ ಹೊಸ ಹಕ್ಕು ಯಾರಿಗೆ ಸಿಕ್ಕಿತು ಎಂದು ನೋಡಿದರೆ ಅಪೀಲಿನ ಇನ್ನೊಂದು ಮುಖ ಕಾಣುತ್ತದೆ. ಕರ್ನಾಟಕದ್ದೇ ಒಂದು ಪಾಲಿನ ದಾವೆಯಲ್ಲಿ 1992ರಲ್ಲಿ ಪ್ರಾಥಮಿಕ ಡಿಕ್ರಿಯಾಗಿತ್ತು, ಅಂತಿಮ ಡಿಕ್ರಿ ಆಗಿರಲಿಲ್ಲ. ನಡುವೆ 1994ರ ತಿದ್ದುಪಡಿ ಬಂತು. ಆ ಮನೆಯ ಮಗಳು ಹೊಸ ಕಾನೂನಿನಂತೆ ತನ್ನ ಪಾಲು ಹೆಚ್ಚಿಸಿ ಎಂದು ಕೇಳಿದಳು. ದಾವೆ ಇನ್ನೂ ಮುಗಿದಿಲ್ಲ, ಆದ್ದರಿಂದ ಆಕೆಗೆ ಹಕ್ಕಿದೆ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. ಮೇಲ್ಮನವಿಯೂ ಕಾನೂನಿನ ಕಣ್ಣಿನಲ್ಲಿ ಮೂಲ ದಾವೆಯ ಮುಂದುವರಿಕೆಯೇ. ದಾವೆ ಜೀವಂತವಾಗಿದ್ದರೆ ಬದಲಾಗುವ ಕಾಲ ಅದನ್ನು ಮುಟ್ಟಬಹುದು. ಅಂತಿಮವಾಗಿ ವಜಾ ಆದ ದಾವೆಯನ್ನು ಮುಟ್ಟಲಾಗದು. ಅದೇ ವಿಷಯಕ್ಕೆ ಮತ್ತೆ ದಾವೆ ಹೂಡುವುದನ್ನು 11ನೇ ಕಲಮು ತಡೆಯುತ್ತದೆ.

ಅಜ್ಜಿ ಅಪೀಲು ಹಾಕಿದ್ದರೆ ಗೆಲ್ಲುತ್ತಿದ್ದಳು ಎಂದು ನಾನು ಹೇಳುತ್ತಿಲ್ಲ. ತೀರ್ಪನ್ನು ಹತ್ತು ಸಲ ಓದಿದ್ದೇನೆ. ಒಬ್ಬ ಸಾಕ್ಷಿ ಪಾಲಾದದ್ದು ಯುಗಾದಿಗೆ ಮೊದಲು ಎನ್ನುತ್ತಾನೆ, ಇನ್ನೊಬ್ಬ ಕಣ ಮಾಡುವ ಕಾಲದಲ್ಲಿ ಎನ್ನುತ್ತಾನೆ. ಅದು ದೊಡ್ಡ ವಿರೋಧವೋ ಸಣ್ಣ ಮರೆವೋ ಎಂದು ಹೇಳಬೇಕಾದವರು ಮೇಲಿನ ಕೋರ್ಟಿನ ನ್ಯಾಯಾಧೀಶರು, ನಾನಲ್ಲ. ಅವರ ಮುಂದೆ ಅದು ಹೋಗಲೇ ಇಲ್ಲ.

ಯಾಕೆ ಹೋಗಲಿಲ್ಲ ಎಂಬುದನ್ನು ಅಪ್ಪನ ಹತ್ತಿರ ಮತ್ತೊಮ್ಮೆ ಕೇಳಿದೆ. ಬಹಳ ಹೊತ್ತು ಯೋಚಿಸಿ ಹೇಳಿದರು: 'ಆ ವರ್ಷ ಗೌರಿ ಹಬ್ಬಕ್ಕೆ ಮೊದಲೇ ಮಾವಂದಿರು ಬಂದ್ರು. ಅರಿಶಿನ ಕುಂಕುಮ, ಸೀರೆ ತಂದಿದ್ರು. ಅಮ್ಮ ಅಡುಗೆಮನೆಯಿಂದ ಈಚೆ ಬರೋಕೆ ತುಂಬಾ ಹೊತ್ತು ಹಿಡೀತು.' ಬಂದದ್ದು ಆ ಸೋಮವಾರಕ್ಕೆ ಮೊದಲೋ ಆಮೇಲೋ ಅಪ್ಪನಿಗೆ ನೆನಪಿಲ್ಲ. ತವರಿನ ಬಾಗಿಲು ತೆರೆದಿರಲಿ ಎಂದು ಅಜ್ಜಿ ಕೋರ್ಟಿನ ಬಾಗಿಲನ್ನು ಬಿಟ್ಟಿರಬಹುದು. ಇಲ್ಲವೇ ಕೋರ್ಟಿನ ಬಾಗಿಲು ಮುಚ್ಚಿದ ಮೇಲೆ ತವರಿನ ಸೀರೆಯನ್ನು ತೆಗೆದುಕೊಂಡಿರಬಹುದು.

ಅವಳ ತವರಿನ ಜಮೀನು ಇವತ್ತು ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯ ಆಚೀಚೆಯ ಜಮೀನುಗಳಂತೆ ಸೈಟುಗಳಾಗಿದೆ. ನಮ್ಮ ಮನೆಯಲ್ಲಿ ಯಾರಿಗೂ ಅದರ ಮೇಲೆ ಆಸೆಯಿಲ್ಲ, ಹಕ್ಕೂ ಇಲ್ಲ. ನಕಲನ್ನು ಮಾತ್ರ ನಾನು ಇಟ್ಟುಕೊಂಡಿದ್ದೇನೆ. ಗೆಳತಿಯರು ಯಾರಾದರೂ ಮನೆಯ ಕೇಸಿನಲ್ಲಿ ಸೋತೆವೆಂದು ಫೋನು ಮಾಡಿದರೆ, ಸಮಾಧಾನ ಹೇಳುವ ಮೊದಲು ನಾನು ಈಗ ಕೇಳುವ ಪ್ರಶ್ನೆ ಒಂದೇ: 'ನಕಲಿಗೆ ಅರ್ಜಿ ಕೊಟ್ಟಾಯ್ತಾ?'